ಕೆಲಸ ನಿಂತವರು

ಜನವರಿ ೯

ಇವರಿಗೆ,
ನೋಂದಣಿ ಗುಮಾಸ್ತರು,
ಜನನ ಮರಣ ವಿಭಾಗ, ಪುರಸಭೆ

ಮಾನ್ಯರೇ,

ವಿಷಯ: ಕಳೆದ ವರ್ಷದ ಮರಣ ಪುಸ್ತಕದ ಏಳನೆಯ ಕಲಂ ಕುರಿತು.

ತಮ್ಮ ಕಚೇರಿಯಿಂದ ಬಂದ ಮರಣ ಪುಸ್ತಕವನ್ನು ಪರಿಶೀಲಿಸಲಾಗಿ, 'ಮೃತರ ಉದ್ಯೋಗ' ಎಂಬ ಏಳನೆಯ ಕಲಮಿನಲ್ಲಿ ನಲವತ್ತಮೂರು ಮಂದಿಯನ್ನು ಬೀಗದ ಕಾರ್ಖಾನೆಯ ಕಾರ್ಮಿಕರೆಂದು ನಮೂದಿಸಿರುವುದು ಕಂಡುಬಂದಿದೆ. ಸದರಿ ಕಾರ್ಖಾನೆ ಮುಚ್ಚಿ ಆರು ವರ್ಷಗಳಾಗಿವೆ. ನಮ್ಮ ದಾಖಲೆಯ ಪ್ರಕಾರ ತಮ್ಮ ಪಟ್ಟಣದಲ್ಲಿ ಈಗ ಬೀಗದ ಕಾರ್ಮಿಕರ ಸಂಖ್ಯೆ ಸೊನ್ನೆ. ಸೊನ್ನೆ ಮಂದಿಯಲ್ಲಿ ನಲವತ್ತಮೂರು ಮಂದಿ ಸತ್ತ ಪ್ರಮಾಣವನ್ನು ಲೆಕ್ಕ ಹಾಕಲು ನಮ್ಮ ಕಂಪ್ಯೂಟರು ನಿರಾಕರಿಸುತ್ತಿದೆ. ಈ ಬಗ್ಗೆ ಹದಿನೈದು ದಿನಗಳೊಳಗೆ ವಿವರಣೆ ನೀಡತಕ್ಕದ್ದು.

ತಮ್ಮ ವಿಶ್ವಾಸಿ,
ಶಾಖಾಧಿಕಾರಿ, ಅಂಕಿಅಂಶ ಇಲಾಖೆ

(ಕೆಳಗೆ ಕೈಬರಹದಲ್ಲಿ) ಅಕ್ಕ, ಈ ಶಾಖೆಗೆ ನಾನು ಬಂದು ಒಂದು ತಿಂಗಳಾಯಿತು. ನಿಮ್ಮ ಊರಿನ ಫೈಲು ನನ್ನ ಮೇಜಿಗೇ ಬರುತ್ತದೆ ಅಂತ ಗೊತ್ತಿರಲಿಲ್ಲ. ಆರೋಗ್ಯವಾಗಿದ್ದೀಯಾ?


ಜನವರಿ ೧೭

ಶಾಖಾಧಿಕಾರಿಗಳೇ,

ಸ್ವಂತ ತಮ್ಮನ ಬಾಯಲ್ಲಿ 'ಮಾನ್ಯರೇ' ಅನ್ನಿಸಿಕೊಳ್ಳುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು ಅಂತ ನನಗೆ ಗೊತ್ತಿರಲಿಲ್ಲ. ನಿನಗೆ ಕೈಹಿಡಿದು ಸೊನ್ನೆ ತಿದ್ದಿಸಿದವಳು ನಾನು. ಈಗ ಆ ಸೊನ್ನೆಯನ್ನೇ ತಂದು ನನ್ನ ಮುಖಕ್ಕೆ ಹಿಡಿದಿದ್ದೀಯ. ಇರಲಿ. 'ನಿಮ್ಮ ಊರು' ಅಂತೆ! ನೀನು ಹುಟ್ಟಿದ್ದು ಎಲ್ಲಪ್ಪ, ಆಕಾಶದಲ್ಲಾ?

ನಾನು ಆರೋಗ್ಯವಾಗಿದ್ದೇನೆ. ಫೋನ್ ಮಾಡಬೇಡ, ಕಾಗದ ಬರೆ. ಆಗಸ್ಟಿನಲ್ಲಿ ಬಂದು ಹೋದಮೇಲೆ ನೀನು ಫೋನಿನಲ್ಲಿ 'ಹೂಂ' ಬಿಟ್ಟು ಬೇರೆ ಮಾತಾಡಿಲ್ಲ. ಹೂಂ ಅನ್ನುವುದನ್ನು ಫೈಲಿಗೆ ಹಚ್ಚಲಿಕ್ಕೆ ಆಗುವುದಿಲ್ಲ.

ವಿವರಣೆ ಕೇಳಿದ್ದೀಯ. ಕೊಡುತ್ತೇನೆ. ನನ್ನ ಕಿಟಕಿ ನಿನಗೆ ಗೊತ್ತು. ಕಂಬಿ, ಕೆಳಗೆ ಅಂಗೈಯಗಲದ ತೆರಪು, ಆ ಕಡೆ ಒಂದು ಸ್ಟೂಲು. ಸಾವು ಬರೆಸಲು ಬಂದವರು ಹೆಸರು ಹೇಳುತ್ತಾರೆ, ವಯಸ್ಸು ಹೇಳುತ್ತಾರೆ, ವಿಳಾಸ ಹೇಳುತ್ತಾರೆ. ಎಲ್ಲ ಸಲೀಸಾಗಿ ಬರುತ್ತದೆ. ಏಳನೇ ಕಲಂ ಬಂತೆಂದರೆ ಎಲ್ಲರೂ ಒಂದು ಸಲ ಕೆಮ್ಮುತ್ತಾರೆ. ಕಳೆದ ಮಾರ್ಚಿನಲ್ಲಿ ಟರ್ನರ್‌ನ ಹೆಂಡತಿ ಬಂದಿದ್ದಳು. ಅವನು ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವನು, ನಲವತ್ತೊಂಬತ್ತು ವರ್ಷ.

"ಉದ್ಯೋಗ ಏನಮ್ಮ?"

"ಟರ್ನರ್."

"ಅದು ಆಗ. ಈಗ ಏನು ಮಾಡ್ತಿದ್ರು?"

"ಈಗ ಸತ್ತಿದಾರೆ" ಅಂದಳು.

ನಾನು ಟರ್ನರ್ ಅಂತಲೇ ಬರೆದೆ. ನೀನಾಗಿದ್ದರೆ ಏನು ಬರೆಯುತ್ತಿದ್ದೆಯೋ ನೋಡುತ್ತಿದ್ದೆ. ಹೀಗೆ ಆರು ವರ್ಷದಿಂದ ಬರೆಯುತ್ತಿದ್ದೇನೆ. ಮೊದಮೊದಲು ವರ್ಷಕ್ಕೆ ಹತ್ತು ಹನ್ನೆರಡು ಇತ್ತು, ಯಾರೂ ಕೇಳಲಿಲ್ಲ. ಈಗ ನಲವತ್ತಮೂರಾಗಿದೆ, ಕಂಪ್ಯೂಟರಿಗೆ ಅಜೀರ್ಣ. ಜನನದ ಪುಸ್ತಕ ಮೂರು ವರ್ಷದಿಂದ ಒಂದೇ ನಡೆಯುತ್ತಿದೆ, ಅರ್ಧ ಖಾಲಿ ಇದೆ. ಮರಣದ ಪುಸ್ತಕ ಅಕ್ಟೋಬರಿಗೇ ಮುಗಿದು ಇನ್ನೊಂದು ತರಿಸಿದೆ. ಇದಕ್ಕೂ ವಿವರಣೆ ಬೇಕಿದ್ದರೆ ಕೇಳು.

ಆ ನಲವತ್ತಮೂರರಲ್ಲಿ ಒಂದು ನಮ್ಮ ಮನೆಯದು ಅಂತ ನಿನಗೆ ನಾನು ನೆನಪಿಸಬೇಕಾಗಿಲ್ಲ.

ನಿನ್ನ ಅಕ್ಕ
(ನೋಂದಣಿ ಗುಮಾಸ್ತರು)


ಜನವರಿ ೨೯

ಅಕ್ಕ,

ಇದನ್ನು ಫೈಲಿಗೆ ಹಚ್ಚಬೇಡ. ಇದು ಮನೆಯ ಕಾಗದ.

ನಿನ್ನ ಮೇಲೆ ತಪ್ಪು ಹೊರಿಸಲು ನಾನು ಬರೆದದ್ದಲ್ಲ. ಆದರೆ ನೀನು ಮಾಡಿದ ಉಪಕಾರದಿಂದ ಏನಾಗಿದೆ ಅಂತ ಕೇಳು. ನಮ್ಮ ಕೋಷ್ಟಕದಲ್ಲಿ 'ನಿರುದ್ಯೋಗಿ' ಅಂತ ಒಂದು ಸಾಲಿದೆ. ಊರಲ್ಲಿ ಕೆಲಸವಿಲ್ಲದವರು ಎರಡು ಸಾವಿರದ ಹತ್ತಿರ. ಕಳೆದ ವರ್ಷ ಅವರಲ್ಲಿ ಸತ್ತವರು ಎಂದು ನಿನ್ನ ಪುಸ್ತಕದಲ್ಲಿ ಇರುವುದು ಇಬ್ಬರು. ಅಂದರೆ ಆ ಕೋಷ್ಟಕದ ಪ್ರಕಾರ ಇಡೀ ಊರಿನಲ್ಲಿ ನಿರುದ್ಯೋಗಿಗಳಷ್ಟು ಗಟ್ಟಿಮುಟ್ಟಾದವರು ಬೇರೆ ಯಾರೂ ಇಲ್ಲ. ನನ್ನ ಮೇಲಿನ ಅಧಿಕಾರಿ ಇದನ್ನು ನೋಡಿ, ನಾವೂ ಕೆಲಸ ಬಿಡೋಣ ಕಣ್ರಿ, ಆಯಸ್ಸು ಹೆಚ್ಚುತ್ತೆ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ವಿಷಯ ನಗುವಂಥದ್ದಲ್ಲ. ಯಾವ ಆಸ್ಪತ್ರೆ ಉಳಿಯಬೇಕು, ಯಾವುದನ್ನು ಮುಚ್ಚಬೇಕು ಅಂತ ಆರೋಗ್ಯ ಇಲಾಖೆ ನಿರ್ಧರಿಸುವುದು ಈ ಕೋಷ್ಟಕ ನೋಡಿ. ಕೆಲಸ ಹೋದ ಊರಿನಲ್ಲಿ, ಕೆಲಸ ಹೋದವರ ಸಾವು ಹೆಚ್ಚಿದೆ ಎಂದು ತೋರಿದರೆ ಆಸ್ಪತ್ರೆಯನ್ನು ಮುಟ್ಟುವಂತಿಲ್ಲ. ನಮ್ಮಲ್ಲಿ ಹಾಗೆ ತೋರಿಸಲು ಕಾಗದದಲ್ಲಿ ಏನೂ ಇಲ್ಲ. ಮುಚ್ಚುವ ಪಟ್ಟಿಯಲ್ಲಿ ನಮ್ಮ ಆಸ್ಪತ್ರೆಯ ಹೆಸರು ನಾಲ್ಕನೆಯದು. ಆಗಸ್ಟಿನಲ್ಲಿ ನಲವತ್ತು ಹಾಸಿಗೆಗಳೂ ಬೇರೆ ಕಡೆ ಹೋಗುತ್ತವೆ, ಬಸ್ಸಿನಲ್ಲಿ ಮೂರು ಗಂಟೆ ದೂರ. ಎದೆ ಹಿಡಿದುಕೊಂಡವನು ಮೂರು ಗಂಟೆ ಬಸ್ಸಿನಲ್ಲಿ ಕೂರಬೇಕು.

ಪುಸ್ತಕ ತಿದ್ದಲು ಅವಕಾಶವಿದೆ. ಮೇ ೩೧ರ ಒಳಗೆ. ಎರಡು ನಿಯಮ. ಆ ದಿನ ಕಿಟಕಿಗೆ ಬಂದು ಮಾಹಿತಿ ಕೊಟ್ಟು ಸಹಿ ಮಾಡಿದವರೇ ತಿದ್ದುಪಡಿಗೂ ಸಹಿ ಮಾಡಬೇಕು, ಬೇರೆಯವರು ಮಾಡುವ ಹಾಗಿಲ್ಲ. ಮತ್ತು ಒಂದೇ ಬಗೆಯ ತಪ್ಪು ಎಷ್ಟು ಕಡೆ ಇದೆಯೋ ಅಷ್ಟೂ ತಿದ್ದಬೇಕು. ಒಂದು ಬಿಟ್ಟರೂ ಪುಸ್ತಕ ವಾಪಸು. ಈ ನಿಯಮ ನಾನು ಮಾಡಿದ್ದಲ್ಲ, ಪಾಲಿಸುವುದು ಮಾತ್ರ ನನ್ನ ಕೆಲಸ.

ನಲವತ್ತಮೂರು ಫಾರಂ ಕಳಿಸಿದ್ದೇನೆ. ಮೇಲೆ ಹತ್ತು ಹೆಚ್ಚಿಗೆ ಇಟ್ಟಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ ೨೪

ತಮ್ಮಾ,

ಹೆಚ್ಚಿಗೆ ಇಟ್ಟ ಹತ್ತೂ ಖರ್ಚಾದವು. ಒಂದನ್ನು ನನ್ನ ಕಣ್ಣೆದುರೇ ಹರಿದರು, ಒಂದರ ಮೇಲೆ ಚಹಾ ಚೆಲ್ಲಿತು, ಚೆಲ್ಲಿತೋ ಚೆಲ್ಲಿದರೋ ಹೇಳಲಾರೆ. ಇನ್ನೂ ಇಪ್ಪತ್ತು ಕಳಿಸು.

ದಿನಾ ಐದೂವರೆಗೆ ಕಚೇರಿ ಮುಗಿಸಿ ಕಾರ್ಮಿಕರ ಕಾಲೊನಿಗೆ ಹೋಗುತ್ತೇನೆ. ಒಂದೊಂದು ಸಾಲಿನಲ್ಲಿ ಹದಿನಾರು ಮನೆ, ನಡುವೆ ನಲ್ಲಿ. ನಾನು ಕೈಚೀಲ ಹಿಡಿದು ಬರುವುದು ಕಂಡರೆ ಸಾಕು, ನಲ್ಲಿ ಹತ್ತಿರ ಇದ್ದವರು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಸಾವು ಬರೆಯುವವಳು ಮನೆ ಬಾಗಿಲಿಗೆ ಬಂದರೆ ಯಾರಿಗೆ ಹಿಡಿಸುತ್ತದೆ ಹೇಳು. ಇಷ್ಟು ದಿನ ಅವರೇ ನನ್ನ ಹತ್ತಿರ ಬರುತ್ತಿದ್ದರು, ಅದಕ್ಕೊಂದು ಮರ್ಯಾದೆ ಇತ್ತು.

ಕೂತು ಬಿಡಿಸಿ ಹೇಳುತ್ತೇನೆ. ಆಸ್ಪತ್ರೆ ಅಂದರೆ ತಲೆಯಾಡಿಸುತ್ತಾರೆ. ಹೌದಮ್ಮ, ಅದೂ ಹೋದರೆ ನಮ್ಮ ಗತಿ ಏನು ಅನ್ನುತ್ತಾರೆ. ಪೆನ್ನು ತೆಗೆದು 'ನಿರುದ್ಯೋಗಿ' ಅಂತ ತೋರಿಸಿದ ಕೂಡಲೇ ಮುಖ ಬೇರೆಯಾಗುತ್ತದೆ. ಪಾಲಿಶ್ ವಿಭಾಗದಲ್ಲಿದ್ದ ಒಬ್ಬನ ತಾಯಿ ಇದ್ದಾಳೆ, ಎಂಬತ್ತರ ಹತ್ತಿರ. ಮಗನಿಗೆ ಐವತ್ತೆರಡು, ಲಿವರ್ ಹೋಗಿ ಸತ್ತ. ಹೋಯಿತು ಅಂದರೆ ಅದಾಗಿ ಹೋಗಲಿಲ್ಲ, ಕುಡಿದು ಕಳೆದದ್ದು. ಅವಳು ಫಾರಂ ತಿರುಗಿಸಿ ತಿರುಗಿಸಿ ನೋಡಿ ಹೇಳಿದಳು:

"ಮಗನ್ನ ಕಳಕೊಂಡಿದ್ದು ಸಾಲದಾ? ಈಗ ಅವನ ಕೆಲಸಾನೂ ಕಿತ್ಕೊಂಡು ಹೋಗೋಕೆ ಬಂದಿದೀಯಾ?"

ಅದಕ್ಕೆ ಏನು ಉತ್ತರ ಕೊಡಲಿ? ನಿನ್ನ ಸುತ್ತೋಲೆಯಲ್ಲಿ ಇದ್ದರೆ ಬರೆದು ತಿಳಿಸು.

ಬಸ್ ನಿಲ್ದಾಣದೆದುರಿನ ಕ್ಷೌರಿಕ ಇದ್ದಾನಲ್ಲ, ನಿನಗೂ ಅವನೇ ಕಟಿಂಗ್ ಮಾಡುತ್ತಿದ್ದ. ಎರಡು ಕುರ್ಚಿಯಲ್ಲಿ ಒಂದಕ್ಕೆ ಬಟ್ಟೆ ಮುಚ್ಚಿದ್ದಾನೆ. ನನಗೆ ಯಾವ ಮನೆ ಎಲ್ಲಿದೆ ಅಂತ ಹೇಳಿಕೊಟ್ಟವನು ಅವನೇ. "ಅಕ್ಕಾ, ಡಾಕ್ಟರಿಗಿಂತ ಮುಂಚೆ ನನಗೇ ಗೊತ್ತಾಗುತ್ತೆ" ಅಂದ. "ಕಾರ್ಖಾನೆ ಇದ್ದಾಗ ದಿನ ಬಿಟ್ಟು ದಿನ ಗಡ್ಡಕ್ಕೆ ಬರೋರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ನಿಮ್ಮ ಕಿಟಕೀಗೆ." ಕತ್ತರಿ ಕೆಳಗಿಟ್ಟು ಬೆರಳು ಮಡಚಿ ಹೆಸರು ಹೇಳಿದ. ನನ್ನ ಪುಸ್ತಕದ ಕ್ರಮದಲ್ಲೇ ಹೇಳಿದ ನೋಡು.

ಕಾರ್ಖಾನೆಗೆ ಬೀಗ ಹಾಕಿದ ದಿನದ ಕಥೆಯನ್ನೂ ಹೇಳಿದ. ಹಾಕಲು ಬಂದವರು ಬೇರೆ ಕಂಪನಿಯ ಬೀಗ ತಂದಿದ್ದರಂತೆ. ನಮ್ಮದೇ ಹಾಕಿದ್ದರೆ ನಮ್ಮ ಹುಡುಗರು ತಲೆಗೂದಲಿನ ಪಿನ್ನಿನಲ್ಲಿ ತೆಗೆಯುತ್ತಿದ್ದರು ಅಂತ ಆಗ ಎಲ್ಲರೂ ನಗುತ್ತಿದ್ದರಂತೆ. ಆ ವರ್ಷ ಇನ್ನೂ ನಗುವಷ್ಟು ಜೀವ ಇತ್ತು.

ಲೆಕ್ಕ: ಸಹಿ ಆದದ್ದು ಹನ್ನೊಂದು. ಬಾಕಿ ಮೂವತ್ತೆರಡು.

ಅಕ್ಕ


ಮಾರ್ಚ್ ೧೫

ತಮ್ಮಾ,

ನೀನು ಫಾರಂ ಕಳಿಸಿದೆ, ಕಾಗದ ಇಡಲಿಲ್ಲ. ಪರವಾಗಿಲ್ಲ.

ಟರ್ನರ್‌ನ ಹೆಂಡತಿಯ ಮನೆಗೆ ಮೂರನೇ ಸಲ ಹೋಗಿದ್ದೆ. ಅವಳು ಮಾತಿನಲ್ಲಿ ಬಿಡುವವಳಲ್ಲ, ನಾನೂ ಬಿಡುವವಳಲ್ಲ. ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ನಿರುದ್ಯೋಗಿ ಅಂದ್ರೇನು? ಬಿಡಿಸಿ ಹೇಳಿ." ಕೆಲಸ ಇಲ್ಲದವನು ಅಂದೆ. "ಅವರಿಗೆ ಕೆಲಸ ಬರ್ತಿತ್ತು" ಅಂದಳು. "ಇಡೀ ಕಾರ್ಖಾನೇಲಿ ಅವರಷ್ಟು ಚೆನ್ನಾಗಿ ಯಾರಿಗೂ ಬರ್ತಿರಲಿಲ್ಲ. ಅವರಿಗೆ ಕೆಲಸ ಬರ್ತಿತ್ತು, ಕೆಲಸ ಬರಲಿಲ್ಲ. ಎರಡೂ ಒಂದೇನಾ?" ನಾನು ಪೆನ್ನಿನ ಮುಚ್ಚಳ ಹಾಕಿದೆ. ಆಮೇಲೆ ಅವಳೇ ಅಂದಳು, "ಅವರೇನೂ ನಿಲ್ಲಿಸಲಿಲ್ಲ. ಅದು ನಿಂತಿತು. ಹಾಗೆ ಬರೀರಿ, ಈಗಲೇ ಸಹಿ ಹಾಕ್ತೀನಿ."

ಫಾರಮ್ಮಿನಲ್ಲಿ ನಾನು 'ಟರ್ನರ್, ಕೆಲಸ ನಿಂತವರು' ಅಂತ ಬರೆದೆ. ಅವಳು ಎರಡು ಸಲ ಓದಿ ಸಹಿ ಹಾಕಿದಳು. ಅದೇ ಸಾಲಿನಲ್ಲಿ ಅವತ್ತು ಇನ್ನೂ ನಾಲ್ಕು ಮನೆಯವರು ಹಾಕಿದರು. ಪಾಲಿಶ್‌ನವನ ತಾಯಿ ಹೆಬ್ಬೆಟ್ಟು ಒತ್ತಿದಳು. ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು, "ಇದಾದ್ರೆ ಸರಿ" ಅಂದಳು.

ನಿನ್ನ ಕೋಷ್ಟಕದಲ್ಲಿ ಈ ಮಾತಿಗೆ ಸಾಲಿಲ್ಲ ಅಂತ ನನಗೆ ಗೊತ್ತು. ನಿರುದ್ಯೋಗಿ ಅಂತಲೇ ಬರೆ ಅಂದರೆ ಹನ್ನೊಂದಕ್ಕೆ ನಿಲ್ಲುತ್ತದೆ. ಇದನ್ನು ಒಪ್ಪಿಸುವುದು ನಿನ್ನ ಪಾಲಿನ ಕೆಲಸ. ನೀನು ಅಷ್ಟು ಓದಿದ್ದು ಯಾತಕ್ಕೆ, ಓದಿಸಿದವನು ಯಾರು, ಅದನ್ನು ನಾನು ಬರೆಯುವುದಿಲ್ಲ.

ಅಕ್ಕ


ಏಪ್ರಿಲ್ ೮

ಅಕ್ಕ,

'ಕೆಲಸ ನಿಂತವರು': ಸಂಕೇತ ಸಂಖ್ಯೆ ೭೮, ಲೆಕ್ಕ ನಿರುದ್ಯೋಗಿಗಳ ಜೊತೆಗೇ. ಮೊನ್ನೆ ಒಪ್ಪಿಗೆಯಾಯಿತು.

ಮೂರು ವಾರ ಹಿಡಿಯಿತು. ಮೊದಲು ನನ್ನ ಅಧಿಕಾರಿ, ಏನ್ರೀ ಇದು, ಒಂದು ಊರಿನ ಹೆಂಗಸರ ಮಾತಿಗೆ ದೇಶದ ಕೋಷ್ಟಕ ಬದಲಿಸೋದಾ ಅಂದರು. ನಾನು ನಿನ್ನ ಕಾಗದದ ಆ ಭಾಗವನ್ನು ಮಾತ್ರ ಟೈಪ್ ಮಾಡಿಸಿ ಅವರ ಮುಂದಿಟ್ಟೆ. ಓದಿ, ಮೇಲಕ್ಕೆ ಕಳಿಸಿ ಅಂದರು. ಆಮೇಲೆ ಸಭೆ. ಎರಡು ತಾಸು ಚರ್ಚೆ ನಡೆದದ್ದು ಸಾವಿನ ಬಗ್ಗೆ ಅಲ್ಲ, ಪದದ ಬಗ್ಗೆ. ಕೆಲಸ ನಿಂತವರು ಎಂಬುದು ತೀರಾ ಆಡುಮಾತು, 'ಕಾರ್ಯಸ್ಥಗಿತರು' ಅಂತ ಇಡೋಣ ಎಂದು ಒಬ್ಬರು ಪಟ್ಟು ಹಿಡಿದರು. ಹಾಗೆ ಇಟ್ಟರೆ ಕಿಟಕಿಯಲ್ಲಿ ಕೂತ ನಮ್ಮಕ್ಕ ಎದ್ದು ಮನೆಗೆ ಹೋಗ್ತಾಳೆ ಸರ್ ಅಂದೆ. ನಿನ್ನ ಹೆಸರಿಗೆ ಹೆದರಿ ಒಪ್ಪಿದರು ಅಂತ ತಿಳಿದುಕೋ.

ನಿನ್ನ ಪುಸ್ತಕ ಬಂದ ಮೇಲೆ ಬೇರೆ ಮುಚ್ಚಿದ ಕಾರ್ಖಾನೆಗಳ ಊರುಗಳ ಪುಸ್ತಕವನ್ನೂ ತೆಗೆಸಿ ನೋಡಿದೆ. ಎಲ್ಲ ಕಡೆಯೂ ಹೀಗೇ. ಐದು ಊರಿನ ಗುಮಾಸ್ತರು, ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಎಲ್ಲರೂ ಒಂದೇ ತಪ್ಪು ಮಾಡಿದ್ದಾರೆ. ಒಂದು ಊರಿನಲ್ಲಿ ಹನ್ನೆರಡು ವರ್ಷದ ಹಿಂದೆ ನಿಂತ ನೂಲಿನ ಮಿಲ್ಲಿನ ಕಾರ್ಮಿಕರು ಈಗಲೂ ಸಾಯುತ್ತಿದ್ದಾರೆ. ನಾವಿಲ್ಲಿ ಇಷ್ಟು ವರ್ಷ ಆ ನಿರುದ್ಯೋಗಿಗಳ ಸಾಲು ನೋಡಿ, ಕೆಲಸ ಹೋದರೆ ಜನರಿಗೆ ಏನೂ ಆಗುವುದಿಲ್ಲ ಅಂತ ವರದಿ ಬರೆದಿದ್ದೇವೆ. ನಾನೂ ಒಂದಕ್ಕೆ ಸಹಿ ಹಾಕಿದ್ದೇನೆ.

ಉಳಿದವು ಬೇಗ ಮುಗಿಸು. ಮೇ ೩೧ರ ನಂತರ ನಾನೇನೂ ಮಾಡಲಾರೆ.

ನಿನ್ನ ತಮ್ಮ


ಮೇ ೨

ತಮ್ಮಾ,

ನಲವತ್ತೆರಡು ಆಯಿತು. ಒಬ್ಬಳು ಮಗಳ ಮನೆಗೆ ಹೋಗಿ ಕೂತಿದ್ದಳು, ಬಸ್ಸಿನಲ್ಲಿ ಹೋಗಿ ಹಾಕಿಸಿಕೊಂಡು ಬಂದೆ. ಇನ್ನೊಬ್ಬ ತನ್ನ ಅಣ್ಣನ ಸಾವು ಬರೆಸಿದವನು, ಜೈಲಿನಲ್ಲಿದ್ದಾನೆ. ಅಲ್ಲಿಗೂ ಹೋದೆ. ಕಂಬಿಯ ಆ ಕಡೆ ಅವನು, ಈ ಕಡೆ ನಾನು. ನನಗೆ ಅಭ್ಯಾಸವೇ ಬಿಡು.

ಸತ್ತವರ ಬಗ್ಗೆ ಒಂದು ಮಾತು ಹೇಳಬೇಕು. ನಲವತ್ತೆರಡು ಮನೆಯಲ್ಲೂ ಕೇಳಿದ ಕಥೆ ಒಂದೇ ಥರ ಇಲ್ಲ. ಕುಡಿತ ಇದೆ, ಎದೆ ಇದೆ, ಸಕ್ಕರೆ ಕಾಯಿಲೆ ಇದೆ. ಒಬ್ಬ ಮೆಟ್ಟಿಲಿಂದ ಬಿದ್ದ, ಒಬ್ಬ ಬಸ್ಸಿಗೆ ಅಡ್ಡ ಹೋದ. ಆದರೆ ಸಾಯುವ ಮುಂಚಿನ ಎರಡು ಮೂರು ವರ್ಷ ಎಲ್ಲರದೂ ಒಂದೇ. ಕಾರ್ಖಾನೆಯ ದವಾಖಾನೆ ಇದ್ದಾಗ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಯಾಕೆಂದರೆ ಎಲ್ಲರೂ ಸಾಲಾಗಿ ನಿಂತು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಬಿಟ್ಟರು. ಹೊರಗೆ ಹೋಗುವುದು ಬಿಟ್ಟರು. ಮಾತು ಬಿಟ್ಟರು. "ಏನಾದ್ರೂ ಕೇಳಿದ್ರೆ ಈಗ ಏನು ಅವಸರ ಅಂತಿದ್ರು" ಎಂದು ಎಷ್ಟು ಜನ ಹೆಂಗಸರು ಹೇಳಿದರೋ. ಸಾವಿನ ಕಾರಣ ಅಂತ ನನ್ನ ಒಂಬತ್ತನೇ ಕಲಂ ಇದೆ, ಡಾಕ್ಟರು 'ಹೃದಯ ನಿಂತು' ಅಂತ ಬರೆದು ಕಳಿಸುತ್ತಾರೆ. ಎಲ್ಲರದೂ ನಿಂತೇ ನಿಲ್ಲುತ್ತದಲ್ಲ ಡಾಕ್ಟ್ರೇ ಅಂದೆ ಒಂದು ಸಲ. ಅದಕ್ಕಿಂತ ಹಿಂದಿನದು ಬರೆಯೋಕೆ ಜಾಗ ಇಲ್ಲಮ್ಮ ಅಂದರು.

ಈಗ ನಲವತ್ತಮೂರನೆಯದು. ಆಗಸ್ಟ್ ೧೨, ನಿನ್ನ ಅಣ್ಣ, ಫಿಟ್ಟರ್, ವಯಸ್ಸು ನಲವತ್ತೇಳು. ನಿನ್ನ ಅತ್ತಿಗೆಗೆ ಅವತ್ತು ನಿಲ್ಲುವ ಶಕ್ತಿ ಇರಲಿಲ್ಲ. ನಾನೇ ಬರೆಯುವವಳು, ನಾನೇ ಬರೆಸುವವಳಾಗುವ ಹಾಗಿಲ್ಲ. ಹಾಗಾಗಿ ಬಂದು ಸ್ಟೂಲಿನ ಮೇಲೆ ಕೂತವನು ನೀನು. ಉದ್ಯೋಗ ಏನು ಅಂತ ನಾನು ಕೇಳಿದೆ, ಕಲಂ ಇದೆ, ಕೇಳಲೇಬೇಕು. ಇಷ್ಟು ವರ್ಷದಲ್ಲಿ ಕೆಮ್ಮದೆ, ತಡವರಿಸದೆ, ನಾನು ಕೇಳಿ ಮುಗಿಸುವ ಮುಂಚೆ ಉತ್ತರ ಕೊಟ್ಟವನು ನೀನೊಬ್ಬನೇ.

ಫಾರಂ ಇಟ್ಟಿದ್ದೇನೆ. ಸಹಿ ಮಾಡಿ ಕಳಿಸು.

ಅಕ್ಕ


ಮೇ ೧೬

ತಮ್ಮಾ,

ಹದಿನಾಲ್ಕು ದಿನವಾಯಿತು. ಫಾರಂ ಬಂದಿಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ, ಅವನು ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ.

ಆಸ್ಪತ್ರೆಗೆ ನಿನ್ನೆ ಇಬ್ಬರು ಬಂದು ಮಂಚಗಳಿಗೆಲ್ಲ ಹಳದಿ ಚೀಟಿ ಅಂಟಿಸಿ ಹೋದರು, ಸಾಗಿಸುವ ನಂಬರು. ಮಲಗಿದ್ದ ರೋಗಿಗಳು ಎದ್ದು ಕೂತು ತಮ್ಮ ಮಂಚದ ನಂಬರು ನೋಡಿಕೊಂಡರಂತೆ. ಒಬ್ಬ ಮುದುಕ, ನನ್ನನ್ನೂ ಮಂಚದ ಜೊತೆಗೇ ಎತ್ತಿಕೊಂಡು ಹೋಗ್ತೀರಾ ಅಂತ ಕೇಳಿದನಂತೆ.

ನಲವತ್ತೆರಡು ಮನೆಯವರ ಕಾಲು ಹಿಡಿಯುವುದೊಂದು ಬಾಕಿ, ಉಳಿದೆಲ್ಲ ಮಾಡಿ ಸಹಿ ತಂದಿದ್ದೇನೆ. ಅವರಲ್ಲಿ ಓದು ಬಾರದವರಿದ್ದಾರೆ, ಜೈಲಿನಲ್ಲಿರುವವನಿದ್ದಾನೆ. ನಿಯಮ ಗೊತ್ತಿರುವವನು, ಕೈಯಲ್ಲಿ ಪೆನ್ನು ಇರುವವನು, ಒಬ್ಬನೇ ಬಾಕಿ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ.

ಅಕ್ಕ


ಮೇ ೨೪

ಅಕ್ಕ,

ಫಾರಂ ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. 'ಫಿಟ್ಟರ್, ಕೆಲಸ ನಿಂತವರು.' ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ, ೨೮ರ ಒಳಗೆ ಸಿಗುತ್ತದೆ.

ತಡವಾದದ್ದಕ್ಕೆ ವಿವರಣೆ ಕೊಡುವುದು ನಿಯಮ.

ಅಣ್ಣ ಕಳೆದ ಜುಲೈ ಕೊನೆಯಲ್ಲಿ ನಮ್ಮ ಮನೆಗೆ ಬಂದದ್ದು ನಿನಗೆ ಗೊತ್ತು. ಬಂದ ದಿನ ಮಧ್ಯಾಹ್ನ ಊಟಕ್ಕೆ ನಮ್ಮ ಮಾವನವರೂ ಇದ್ದರು. ಅವರು ಅಣ್ಣನನ್ನು, "ಈಗ ಏನು ಮಾಡ್ಕೊಂಡಿದೀರಿ?" ಅಂತ ಕೇಳಿದರು. ಅಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಅವನು ಬಾಯಿ ತೆಗೆಯುವ ಮುಂಚೆ ನಾನೇ ಹೇಳಿಬಿಟ್ಟೆ, "ಬೀಗದ ಕಾರ್ಖಾನೇಲಿ ಫಿಟ್ಟರ್." ನನ್ನ ಮದುವೆಯ ಸಮಯದಲ್ಲಿ ಹೇಳಿದ್ದು ಅದೇ. ಆಮೇಲೆ ಕಾರ್ಖಾನೆ ಮುಚ್ಚಿದ್ದನ್ನು ಅವರಿಗೆ ಹೇಳಿರಲಿಲ್ಲ. ಇವತ್ತು ಹೇಳೋಣ ನಾಳೆ ಹೇಳೋಣ ಅಂತ ಐದು ವರ್ಷ ಹೋಗಿತ್ತು.

ಅಣ್ಣ ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಶುರುಮಾಡಿದ ನೋಡು. ಹೊಸ ಯಂತ್ರ ಬಂದಿದೆ ಅಂದ. ಅದನ್ನು ಓಡಿಸಲು ಬಂದ ಎಂಜಿನಿಯರ್ ಒಳಗೇ ಸಿಕ್ಕಿಬಿದ್ದ, ನಾವೇ ಬೀಗ ತೆಗೆದು ಹೊರಗೆ ಬಿಟ್ಟೆವು ಅಂದ. ಮಾವನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟು ದಿನ ರಜಾ ಅಂತ ಕೇಳಿದರು. ನಾಲ್ಕು ದಿನ ಅಂದ. ನಾಲ್ಕೂ ದಿನ ಊಟಕ್ಕೆ ಕೂತಾಗಲೆಲ್ಲ ಕಾರ್ಖಾನೆಯ ಹೊಸ ಹೊಸ ಕಥೆ. ಐದನೇ ದಿನ ಬೆಳಿಗ್ಗೆ ಚೀಲ ತುಂಬಿಕೊಂಡ. ಇನ್ನೆರಡು ದಿನ ಇರು ಅಂದೆ, ಮಾವನವರ ಎದುರಿಗೆ. "ಹೇಗೆ ಇರೋಕಾಗುತ್ತಪ್ಪ, ನಾಳೆ ಡ್ಯೂಟಿ" ಅಂದ. ನಾನೇ ಬಸ್ಸು ಹತ್ತಿಸಿದೆ. ಸದ್ಯ, ಗುಟ್ಟು ಬಯಲಾಗಲಿಲ್ಲ ಅಂತ ಸಮಾಧಾನವಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಹನ್ನೊಂದು ದಿನಕ್ಕೆ ನಿನ್ನ ಫೋನು ಬಂತು. ಮಣ್ಣು ಮಾಡಿ ಬಂದ ಮೇಲೆ ಅತ್ತಿಗೆ ಡಾಕ್ಟರ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನೀವು ಚೀಟಿ ಕೊಟ್ಟಿದ್ರಲ್ಲ, ದೊಡ್ಡ ಆಸ್ಪತ್ರೇ­ಲಿ ಎದೆ ತೋರಿಸ್ಕೊಂಡು ಬನ್ನಿ ಅಂತ. ಅದಕ್ಕೇ ತಮ್ಮನ ಮನೆಗೆ ಹೋಗಿದ್ರು, ತೋರಿಸದೇ ಬಂದ್ರು." ನಮ್ಮ ಆಸ್ಪತ್ರೆಯಲ್ಲಿ ಎದೆ ನೋಡುವ ಯಂತ್ರ ಇದೆ, ಓಡಿಸುವವನನ್ನು ಆಗಲೇ ವರ್ಗ ಮಾಡಿದ್ದರು. ಆ ಚೀಟಿ ನಾಲ್ಕು ದಿನವೂ ನನ್ನ ಮನೆಯಲ್ಲಿ ಅವನ ಜೇಬಿನಲ್ಲಿತ್ತು. ಕೆಲಸದಲ್ಲಿರುವ ಫಿಟ್ಟರ್‌ಗೆ ಕಾರ್ಖಾನೆಯ ದವಾಖಾನೆ ಇರುತ್ತದೆ, ತಮ್ಮನ ಹತ್ತಿರ ಯಾಕೆ ಬರುತ್ತಾನೆ? ನಾನೊಬ್ಬನೇ ಸಿಕ್ಕಿದ್ದರೆ ಹೇಳುತ್ತಿದ್ದನೇನೋ. ನಾನು ಒಬ್ಬನೇ ಸಿಗಲಿಲ್ಲ. ಕೆಲಸ ಕೊಡಿಸು ಅಂತ ಕೇಳಿಬಿಡುತ್ತಾನೆ ಅಂತ ಹೆದರಿ, ಸಿಗಬಾರದು ಅಂತಲೇ ಓಡಾಡಿಕೊಂಡಿದ್ದೆ.

ಮರುದಿನ ನಿನ್ನ ಕಿಟಕಿಗೆ ಬಂದು ಕೂತೆ. ನೀನು ಕೇಳಿದೆ. ಬಾಯಿಗೆ ಅದೇ ಬಂತು, ಅಭ್ಯಾಸವಾಗಿತ್ತಲ್ಲ.

ಮಾವನವರಿಗೆ ನಿನ್ನೆ ಎಲ್ಲ ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಇದನ್ನು ಅತ್ತಿಗೆಗೆ ಓದಿ ಹೇಳು. ನನಗೆ ಧೈರ್ಯವಿಲ್ಲ.

ನಿನ್ನ ತಮ್ಮ


ಜುಲೈ ೧೧

ತಮ್ಮಾ,

ಪುಸ್ತಕ ಒಪ್ಪಿದ ಕಾಗದ ಜೂನಿನಲ್ಲೇ ಬಂತು, ನಿನ್ನದೇ ಸಹಿ, ನಿನ್ನದೇ 'ಮಾನ್ಯರೇ'. ಮೊನ್ನೆ ಆಸ್ಪತ್ರೆಗೂ ಕಾಗದ ಬಂದಿದೆ. ಮುಚ್ಚುವ ಪಟ್ಟಿಯಿಂದ ತೆಗೆದಿದ್ದಾರೆ. ನರ್ಸುಗಳು ಹಳದಿ ಚೀಟಿ ಕೆರೆದು ತೆಗೆಯುತ್ತಿದ್ದಾರೆ, ಅರ್ಧ ಬರುತ್ತದೆ, ಅರ್ಧ ಅಂಟಿಕೊಂಡೇ ಇದೆ. ಎದೆ ನೋಡುವ ಯಂತ್ರಕ್ಕೆ ಒಬ್ಬಳನ್ನು ಹಾಕಿದ್ದಾರೆ, ಹೊಸ ಹುಡುಗಿ. ಮೊದಲ ದಿನವೇ ಹದಿನೇಳು ಜನ ಹೋಗಿ ತೋರಿಸಿಕೊಂಡರು. ಟರ್ನರ್‌ನ ಹೆಂಡತಿ ನನ್ನನ್ನು ದಾರಿಯಲ್ಲಿ ಕಂಡು, "ಇನ್ನು ನಮ್ಮ ಮನೆಗೆ ಬರಬೇಡಿ, ಬಂದ್ರೆ ಚೀಲ ಇಲ್ಲದೆ ಬನ್ನಿ" ಅಂದಳು.

ನಿನ್ನ ಕಾಗದವನ್ನು ನಿನ್ನ ಅತ್ತಿಗೆಗೆ ಓದಿ ಹೇಳಲು ನನಗೂ ಇಷ್ಟು ದಿನ ಹಿಡಿಯಿತು. ನೀನೊಬ್ಬನೇ ಹೇಡಿ ಅಂತ ತಿಳಿಯಬೇಡ. ಹೋದ ಭಾನುವಾರ ಹೋದೆ. ಅವಳು ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ಓದಿದೆ. ಮಡಚುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ "ಗೊತ್ತು" ಅಂದಳು.

ಬಸ್ಸಿಳಿದು ಬಂದ ದಿನವೇ ಅವನು ಎಲ್ಲ ಹೇಳಿದ್ದನಂತೆ. ತೋರಿಸಿಕೊಂಡ್ರಾ ಅಂತ ಇವಳು ಕೇಳಿದರೆ, "ಪುರಸೊತ್ತೆಲ್ಲಿತ್ತೇ, ನಾಲ್ಕು ದಿನಾನೂ ಡ್ಯೂಟಿ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಇವಳು ಕೂಗಾಡಿದಳು, ಅತ್ತಳು, ಹಾಳಾಗಿ ಹೋಗಲಿ ನಿಮ್ಮ ಮರ್ಯಾದೆ ಅಂದಳು. ಅವನು ನಗುತ್ತಲೇ ಇದ್ದನಂತೆ. "ಆರು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದು ಅವತ್ತೊಂದೇ ದಿನ, ಅಕ್ಕ" ಅಂದಳು.

ನಿನ್ನ ಮೇಲೆ ಸಿಟ್ಟಿದೆಯಾ ಅಂತ ಕೇಳಿದೆ. ಇದೆ ಅಂದಳು. ಮುಚ್ಚುಮರೆ ಮಾಡಲಿಲ್ಲ, ನಾನೂ ಮಾಡುವುದಿಲ್ಲ. ಆಮೇಲೆ ಮಡಚಿದ ಬಟ್ಟೆಯನ್ನೆಲ್ಲ ಒಂದು ಕಡೆ ಇಟ್ಟು ಕೇಳಿದಳು, ಆ ಎಂಜಿನಿಯರ್ ಒಳಗೆ ಸಿಕ್ಕಿಬಿದ್ದ ಮೇಲೆ ಏನಾಯಿತು ಅಂತ. ಅವನು ಅರ್ಧ ಹೇಳುವಷ್ಟರಲ್ಲಿ ದಮ್ಮು ಕಟ್ಟಿ ನಿಲ್ಲಿಸಿದ್ದನಂತೆ, ಉಳಿದದ್ದು ನಾಳೆ ಅಂದವನು ಆಮೇಲೆ ಹೇಳಲೇ ಇಲ್ಲವಂತೆ. ನಿನ್ನ ಕಾಗದದಲ್ಲಿ ಅದು ಒಂದೇ ಸಾಲು ಇದೆ, ನನಗೇನು ಗೊತ್ತು ಅಂದೆ.

ನೀನು ಬರಬೇಕಂತೆ. ನಾಲ್ಕು ದಿನ ಅವನು ಆ ಕಾರ್ಖಾನೆಯಲ್ಲಿ ಏನೇನು ಮಾಡಿದ, ಯಾರ್‍ಯಾರು ಇದ್ದರು, ಒಂದೂ ಬಿಡದೆ, ಅವಳೆದುರು ಕೂತು ಹೇಳಬೇಕಂತೆ. ಭಾನುವಾರ ಬಾ.

ಅಕ್ಕ